ಹದಿನಾಲ್ಕು ಮೆಟ್ಟಿಲು ಹತ್ತಿ ತೋರಿಸಿದ ಮೊಣಕಾಲು

ಮೊಣಕಾಲು ಮಂಜೂರು ಮಾಡುವ ಮಾನ್ಯರೇ,

ಮೂರು ದಿನದ ಹಿಂದೆ ನಿಮ್ಮ ಮೇಜಿಗೆ ಚಾಕು ಊರಿದವನು ನಾನೇ. ಯಾಕೆ ಊರಿದೆ ಎಂದು ಬರೆಯಲು ಪೊಲೀಸರ ಕಾಗದದಲ್ಲಿ ಒಂದೂವರೆ ಸಾಲು ಜಾಗವಿತ್ತು. ಅದು ಸಾಲಲಿಲ್ಲ. ಅದಕ್ಕೇ ಇದನ್ನು ಊರೆಲ್ಲ ಓದುವ ಹಾಗೆ ಬರೆಯುತ್ತಿದ್ದೇನೆ. ನನ್ನ ದೂರು ಇಷ್ಟೇ. ನನ್ನ ಹೆಂಡತಿಯ ಬಲ ಮೊಣಕಾಲಿಗೆ ಕೃತಕ ಕೀಲು ಹಾಕಿಸಲು ನಿಮ್ಮ ಕಚೇರಿ ಎರಡು ಸಲ ಒಪ್ಪಲಿಲ್ಲ. ಮೊದಲ ಸಲ, ಅವಳು ಚೆನ್ನಾಗಿ ನಡೆಯುತ್ತಾಳೆ ಎಂಬ ಕಾರಣಕ್ಕೆ. ಎರಡನೆಯ ಸಲ, ಅವಳಿಗೆ ನಡೆಯಲು ಆಗುವುದಿಲ್ಲ ಎಂಬ ಕಾರಣಕ್ಕೆ. ಎರಡು ಪತ್ರಗಳ ನಡುವೆ ಐದು ದಿನದ ಅಂತರ. ಎರಡರ ಕೆಳಗೂ ನಿಮ್ಮದೇ ರುಜು, ಅದೇ ನೀಲಿ ಶಾಯಿ, ಅದೇ ಬಾಲ.

ಇದನ್ನು ಟೈಪ್ ಮಾಡುತ್ತಿರುವುದು ನನ್ನ ಮಗಳು, ಲಿಫ್ಟ್ ರಿಪೇರಿ ಮಾಡುವವಳು. ನಾನು ಹೇಳುತ್ತಾ ಹೋಗುತ್ತೇನೆ. ನಿಮಗೆಂದು ನಾನು ಆರಿಸಿಟ್ಟ ಕೆಲವು ಪದಗಳನ್ನು ಅವಳು ನುಂಗಿಕೊಂಡು ಮುಂದಿನದನ್ನು ಟೈಪ್ ಮಾಡುತ್ತಾಳೆ. ಈ ಪತ್ರದಲ್ಲಿ ಎಲ್ಲಾದರೂ ನಾನು ಸಭ್ಯನಂತೆ ಕಂಡರೆ ಅದು ಅವಳ ಕೈವಾಡ. ನಿಮ್ಮ ಕಚೇರಿಯ ಲಿಫ್ಟನ್ನೂ ತಿಂಗಳಿಗೊಮ್ಮೆ ನೋಡಿಕೊಳ್ಳುವವಳು ಅವಳೇ. ಮನಸ್ಸು ಮಾಡಿದ್ದರೆ ನಿಮ್ಮನ್ನು ನಾಲ್ಕನೇ ಮಹಡಿಗೂ ಐದನೇ ಮಹಡಿಗೂ ನಡುವೆ ಒಂದು ಹಗಲು ಪೂರ್ತಿ ನೇತುಹಾಕಿ, ಹೊರಗೆ ಹೋಗಬೇಕೆಂದು ಅನ್ನಿಸಿದಾಗ ಹೋಗಲಾಗದಿರುವುದು ಹೇಗಿರುತ್ತದೆ ಎಂದು ತೋರಿಸಬಹುದಿತ್ತು. ನಾನು ಬಾಯಿಬಿಟ್ಟು ಕೇಳಿಯೂ ಕೇಳಿದೆ. "ಅಪ್ಪಾ, ನಿನ್ನ ಸಿಟ್ಟಿಗೆ ನನ್ನ ಲಿಫ್ಟಿಗೆ ಯಾಕೆ ಕೆಟ್ಟ ಹೆಸರು" ಅಂದಳು. ಗುಣ ಅವಳ ಅಮ್ಮನದು.

ನಾನು ಕಟುಕ. ಬೈಗುಳವಾಗಿ ಅಲ್ಲ, ಕಸುಬಿನಿಂದ. ನಲವತ್ತೊಂದು ವರ್ಷದಿಂದ ಕುರಿ ಟಗರುಗಳ ಕೀಲು ಬಿಡಿಸುತ್ತಿದ್ದೇನೆ. ಕೆಳಗೆ ಅಂಗಡಿ, ಮೇಲೆ ಮನೆ, ನಡುವೆ ಹದಿನಾಲ್ಕು ಮೆಟ್ಟಿಲು. ಕತ್ತಿ ನನ್ನದು, ಗಲ್ಲಾಪೆಟ್ಟಿಗೆ ಅವಳದು. ಗಿರಾಕಿಗಳು ಅವಳನ್ನು ಯಜಮಾನಿ ಎನ್ನುತ್ತಾರೆ, ನನ್ನನ್ನು ಏನೂ ಎನ್ನುವುದಿಲ್ಲ. ಎಳೆ ಕುರಿಯ ಮೊಣಕಾಲು ಬಿಡಿಸಿದರೆ ಮೂಳೆಯ ತುದಿ ಬೆಳ್ಳಗೆ, ಒದ್ದೆಯಾಗಿ, ಬೆರಳಿಟ್ಟರೆ ಜಾರುವ ಹಾಗಿರುತ್ತದೆ. ಮುದಿ ಕುರಿಯದು ಹಳದಿಗಟ್ಟಿ, ಸವೆದು, ಮೂಳೆಗೆ ಮೂಳೆ ತಿಕ್ಕಿದ ಗೀರುಗಳಿಂದ ತುಂಬಿರುತ್ತದೆ. ಅದನ್ನು ಮಡಚಿದರೆ ಒಂದು ಸದ್ದು ಬರುತ್ತದೆ, ಮರಳು ಅರೆದಂಥದ್ದು. ಆರು ವರ್ಷದ ಹಿಂದೆ ಅವಳು ಮೆಟ್ಟಿಲು ಹತ್ತುವಾಗ, ಹಿಂದೆ ಬರುತ್ತಿದ್ದ ನನಗೆ ಅದೇ ಸದ್ದು ಕೇಳಿಸಿತು. ಯಾವ ಡಾಕ್ಟರಿಗಿಂತಲೂ ಮೊದಲು ನನಗೆ ಗೊತ್ತಾಯಿತು, ಮತ್ತು ನಾನು ಯಾರಿಗೂ ಹೇಳಲಿಲ್ಲ.

ಮೂಳೆ ಡಾಕ್ಟರಮ್ಮ ಒಳ್ಳೆಯವರು. ಒಂದು ವರ್ಷ ಎಂಟು ತಿಂಗಳ ಹಿಂದೆ ಎಕ್ಸ್‌ರೇ ಬೆಳಕಿಗೆ ಹಿಡಿದು ಎಲ್ಲವನ್ನೂ ಬಿಡಿಸಿ ಹೇಳಿದರು. ವ್ಯಾಯಾಮ, ತೂಕ ಇಳಿಸುವುದು, ಮಾತ್ರೆ, ಕೀಲಿನೊಳಕ್ಕೆ ಸೂಜಿ, ಇವು ಮೊದಲ ದಾರಿ. ಆ ದಾರಿಯಲ್ಲಿ ನಾವು ನಾಲ್ಕು ವರ್ಷ ಕುಂಟಿಕೊಂಡು ಬಂದಾಗಿತ್ತು. ಎರಡನೆಯದು ಅರ್ಧ ಕೀಲು. ಮೊಣಕಾಲಿನ ಒಳಮಗ್ಗುಲು ಮಾತ್ರ ಸವೆದಿರುವುದರಿಂದ ಅಷ್ಟನ್ನೇ ಕೊರೆದು ಲೋಹ ಕೂರಿಸುವುದು. ಗಾಯ ಚಿಕ್ಕದು, ಬೇಗ ಎದ್ದು ಓಡಾಡಬಹುದು, ಆದರೆ ಹತ್ತು ಹನ್ನೆರಡು ವರ್ಷಕ್ಕೆ ಮತ್ತೆ ಕೈಹಾಕಬೇಕಾಗಿ ಬರಬಹುದು. ಮೂರನೆಯದು ಪೂರ್ತಿ ಕೀಲು. ದೊಡ್ಡ ಕೊಯ್ತ, ತಿಂಗಳುಗಟ್ಟಲೆ ಪಾಡು, ಆದರೆ ಸಾಮಾನ್ಯವಾಗಿ ಹದಿನೈದು ಇಪ್ಪತ್ತು ವರ್ಷ ಆ ಕಡೆ ತಿರುಗಿ ನೋಡಬೇಕಿಲ್ಲ. ಈ ವಯಸ್ಸಿಗೆ ಹೃದಯ, ಸೋಂಕು, ರಕ್ತ ಹೆಪ್ಪುಗಟ್ಟುವುದು, ಈ ಭಯಗಳೂ ಇವೆ ಎಂದು ಅವರು ಮುಚ್ಚುಮರೆಯಿಲ್ಲದೆ ಹೇಳಿದರು. "ಎಲ್ಲ ಸರಿಹೋದರೂ ಐದು ಜನರಲ್ಲಿ ಒಬ್ಬರು ಆಮೇಲೂ ಗೊಣಗ್ತಾ ಇರ್ತಾರೆ" ಅಂದರು.

"ನಾನು ಹೇಗಿದ್ದರೂ ಗೊಣಗ್ತೀನಿ, ಆ ಲೆಕ್ಕ ಬಿಡಿ" ಅಂದಳು ನನ್ನ ಹೆಂಡತಿ. "ಹೇಗೆ ಮಾಡ್ತೀರಿ ಅದನ್ನ?"

ಗರಗಸ, ಸುತ್ತಿಗೆ, ಡ್ರಿಲ್ಲು ಎಂದರು ಡಾಕ್ಟರಮ್ಮ. ಇವಳು ನನ್ನ ಕಡೆ ತಿರುಗಿ, "ನಿಮ್ಮ ಕೆಲಸಾನೇ. ಬಟ್ಟೆ ಮಾತ್ರ ಇವರದು ಚೆನ್ನಾಗಿದೆ" ಅಂದಳು. ಮೂವರೂ ನಕ್ಕೆವು. ಅರ್ಧ ಕೀಲು ಸಾಕು ಎಂದು ಅವಳೇ ಆರಿಸಿಕೊಂಡಳು. ಅವತ್ತೇ ನಿಮ್ಮ ಕಚೇರಿಗೆ ಅರ್ಜಿ ಹೋಯಿತು. ಆಮೇಲೆ ಒಂದು ವರ್ಷ ಎಂಟು ತಿಂಗಳು ನಿಮ್ಮ ಕಡೆಯಿಂದ ಕೆಮ್ಮಿದ ಸದ್ದೂ ಇಲ್ಲ. ಅಷ್ಟರಲ್ಲಿ ಹೊರಮಗ್ಗುಲೂ ಸವೆಯಿತು. ಅರ್ಧದ ಕಾಲ ಮುಗಿದು ಹೋಯಿತು, ಇನ್ನು ಪೂರ್ತಿಯೇ ಹಾಕಬೇಕು ಎಂದು ಡಾಕ್ಟರಮ್ಮ ಅರ್ಜಿ ತಿದ್ದಿದರು. ಸಣ್ಣ ಗಾಯದಲ್ಲಿ ಮುಗಿಯಬೇಕಿದ್ದದ್ದನ್ನು ದೊಡ್ಡ ಗಾಯ ಮಾಡಿದ್ದು ನಿಮ್ಮ ಕಪಾಟು. ನಿಮ್ಮ ವೆಚ್ಚದ ಪಟ್ಟಿಯಲ್ಲಿ ಈ ವೆಚ್ಚಕ್ಕೆ ಒಂದು ಕಲಂ ಇದೆಯೇ? ನಾನು ಹುಡುಕಿದೆ, ಸಿಗಲಿಲ್ಲ.

ಹೌದು, ಆ ಪಟ್ಟಿಯನ್ನು ನಾನು ಓದಿದ್ದೇನೆ. ಮಗಳು ತರಿಸಿಕೊಟ್ಟಳು. ಎಡಕ್ಕೆ ವೆಚ್ಚ, ಬಲಕ್ಕೆ ಪ್ರಯೋಜನ. ನೋವಿಗೆ ಇಷ್ಟು ಅಂಕ, ನಡಿಗೆಗೆ ಇಷ್ಟು ಅಂಕ, ಅದನ್ನು ರೋಗಿಗೆ ಉಳಿದಿರುವ ವರ್ಷಗಳಿಂದ ಗುಣಿಸುವುದು. ನನ್ನ ಹೆಂಡತಿಗೆ ಅರವತ್ತೊಂಬತ್ತು. ಉಳಿದದ್ದು ಹನ್ನೊಂದು ವರ್ಷ ಎಂದು ನಿಮ್ಮವರು ಪೆನ್ಸಿಲಿನಲ್ಲಿ ಬರೆದಿದ್ದಾರೆ. ಯಾರನ್ನು ಕೇಳಿ ಬರೆದರೋ. ಕೀಲು ಇಪ್ಪತ್ತು ವರ್ಷ ಬಾಳುತ್ತದೆ, ರೋಗಿ ಹನ್ನೊಂದು ವರ್ಷ ಬಾಳುತ್ತಾಳೆ, ಆದ್ದರಿಂದ ಒಂಬತ್ತು ವರ್ಷದ ಕೀಲು ದಂಡ. ನಮ್ಮ ಬೀದಿಯ ಕೊನೆಯಲ್ಲಿ ಬೀಗ ರಿಪೇರಿಯವನಿದ್ದಾನೆ, ಐವತ್ತೆರಡು ವಯಸ್ಸು, ಎರಡೂ ಮೊಣಕಾಲು ಹೋಗಿವೆ. ಅವನಿಗೆ ನೀವು ಕೊಟ್ಟ ಉತ್ತರ: ಇನ್ನೂ ಚಿಕ್ಕ ವಯಸ್ಸು, ನಿಮಗಿಂತ ಮೊದಲು ಕೀಲು ಸವೆಯುತ್ತದೆ, ಕಾಯಿರಿ. ನಮಗೆ ಕೊಟ್ಟ ಉತ್ತರ: ಕೀಲಿಗಿಂತ ಮೊದಲು ನೀವು ಸವೆಯುತ್ತೀರಿ. ಹಾಗಾದರೆ ಮನುಷ್ಯನಿಗೆ ಮೊಣಕಾಲು ನೋಯಲು ಸರಿಯಾದ ವಯಸ್ಸು ಯಾವುದು ಸ್ವಾಮಿ? ಒಂದು ತಾರೀಖು ಹೇಳಿಬಿಡಿ, ಅವತ್ತೇ ನೋಯಿಸಿಕೊಳ್ಳುತ್ತೇವೆ. "ಲಿಫ್ಟಿನ ಹಗ್ಗ ಸವೆದರೆ ಬದಲಾಯಿಸ್ತೀವಿ. ಈ ಕಟ್ಟಡ ಇನ್ನೆಷ್ಟು ವರ್ಷ ನಿಂತಿರುತ್ತೆ ಅಂತ ಕೇಳಿಕೊಂಡು ಬದಲಾಯಿಸಲ್ಲ" ಎನ್ನುತ್ತಾಳೆ ಮಗಳು. ಅವಳನ್ನು ನಿಮ್ಮ ಕುರ್ಚಿಯಲ್ಲಿ ಕೂರಿಸಬೇಕಿತ್ತು.

ತೂಗಬೇಡಿ ಎಂದು ನಾನು ಹೇಳುತ್ತಿಲ್ಲ. ನಲವತ್ತೊಂದು ವರ್ಷ ತಕ್ಕಡಿ ಹಿಡಿದವನು ನಾನು. ಇರುವುದು ಕಡಿಮೆ, ಕೇಳುವವರು ಹೆಚ್ಚು ಎಂದಾಗ ತೂಗಲೇಬೇಕು, ಅದು ನನಗೆ ನಿಮಗಿಂತ ಚೆನ್ನಾಗಿ ಗೊತ್ತು. ಆದರೆ ನನ್ನ ತೂಕದ ಕಲ್ಲುಗಳಿಗೆ ವರ್ಷಕ್ಕೊಮ್ಮೆ ಸರ್ಕಾರದ ಮುದ್ರೆ ಬೀಳಬೇಕು. ಒಂದು ಕಲ್ಲಿನ ಅಂಚು ಚೂರು ಹಾರಿದ್ದರೂ ಅಂಗಡಿ ಮುಚ್ಚಿಸುತ್ತಾರೆ. ನಿಮ್ಮ ಕಲ್ಲುಗಳಿಗೆ ಮುದ್ರೆ ಹಾಕುವವರು ಯಾರು?

ಈಗ ತಪಾಸಣೆಯ ವಿಷಯಕ್ಕೆ ಬರುತ್ತೇನೆ. ಇಲ್ಲಿ ತಪ್ಪು ನಿಮ್ಮದು ಮಾತ್ರ ಅಲ್ಲ, ಆದ್ದರಿಂದ ನಿಧಾನವಾಗಿ ಓದಿ. ನಮ್ಮ ಕಸುಬಿನವರಿಗೆ ತಪಾಸಣೆ ಎಂದರೆ ಪ್ರಾಣ ಹೋಗುವ ವಿಷಯ. ಶುಚಿತ್ವದ ಇಲಾಖೆಯವರು ಮೂರು ದಿನ ಮೊದಲು ಕಾಗದ ಕಳಿಸುತ್ತಾರೆ. ಕಾಗದ ಬಂದ ಕ್ಷಣದಿಂದ ಅಂಗಡಿ ನನ್ನ ಹೆಂಡತಿಯ ಕೈಗೆ ಹೋಗುತ್ತದೆ. ಕುದಿಯುವ ನೀರಿನಲ್ಲಿ ನೆಲ, ಸೋಡಾದಲ್ಲಿ ಕೊಕ್ಕೆಗಳು, ಏಪ್ರನ್ನುಗಳಿಗೆ ಎರಡೆರಡು ಸಲ ಇಸ್ತ್ರಿ. ನನ್ನ ಬೆರಳಿಗೆ ಗಾಯವಾಗಿದ್ದರೆ ಕೈಗವಸಿನೊಳಗೆ ಅಡಗಿಸಬೇಕು, ಕೆಮ್ಮಿದ್ದರೆ ನುಂಗಬೇಕು, ಒಡೆದ ಬಕೆಟ್ಟು ಪಕ್ಕದ ಮನೆಗೆ ಹೋಗಬೇಕು. ಬಂದವರಿಗೆ ಒಂದು ಕೊರತೆಯೂ ಕಾಣಬಾರದು. ನಲವತ್ತೊಂದು ವರ್ಷದಲ್ಲಿ ನಮ್ಮ ಅಂಗಡಿಗೆ ಒಂದೇ ಒಂದು ಕೆಂಪು ಗುರುತು ಬಿದ್ದಿಲ್ಲ. ಅದು ಅವಳ ಜೀವಮಾನದ ಹೆಮ್ಮೆ.

ಒಂದು ವರ್ಷ ಎಂಟು ತಿಂಗಳಾದ ಮೇಲೆ ನಿಮ್ಮ ಕಾಗದ ಬಂತು. ಮೊಣಕಾಲಿನ ತಪಾಸಣೆಗೆ ಅಧಿಕಾರಿ ಮನೆಗೆ ಬರುತ್ತಾರೆ, ಸಿದ್ಧರಾಗಿರಿ ಎಂದಿತ್ತು. ಸಿದ್ಧರಾದೆವು. ಅವಳು ಕುರ್ಚಿಯಲ್ಲಿ ಕೂತು ಆಜ್ಞೆ ಕೊಟ್ಟಳು, ನಾನು ಪಾಲಿಸಿದೆ. ಮೆಟ್ಟಿಲು ತೊಳೆದು ಒರೆಸಿದೆ. ಅವಳು ಹಿಡಿದು ಏಳಲೆಂದು ಪಾಯಿಖಾನೆಯ ಗೋಡೆಗೆ ಕಟ್ಟಿದ್ದ ಹಗ್ಗ ಬಿಚ್ಚಿದೆ. ಮುಲಾಮು, ಬಿಸಿನೀರಿನ ಚೀಲ, ಸುತ್ತುವ ಪಟ್ಟಿ ಎಲ್ಲ ಕಪಾಟಿನೊಳಗೆ ಹೋದವು. "ಕೋಲು ಕಾಣಬಾರದು, ಎಲ್ಲಾದರೂ ಬಚ್ಚಿಡಿ" ಅಂದಳು. ಕೈಗೋಲನ್ನು ಕೆಳಗೆ ತಗೊಂಡು ಹೋಗಿ ಶೀತಲ ಕೋಣೆಯಲ್ಲಿ ಟಗರುಗಳ ನಡುವೆ ಒಂದು ಖಾಲಿ ಕೊಕ್ಕೆಗೆ ನೇತುಹಾಕಿದೆ. ನೋವಿನ ಮಾತ್ರೆ ಒಂದು ನುಂಗಬೇಕಾದ ಕಡೆ ಅವಳು ಮೂರು ನುಂಗಿದಳು. "ಅರ್ಧ ಗಂಟೆ ಹಲ್ಲು ಕಚ್ಚಿಕೋ, ಆಮೇಲೆ ಮುಗೀತು" ಎಂದು ನಾನೂ ಹೇಳಿದೆ. ಕೊರತೆ ತೋರಿಸಲೆಂದೇ ಒಬ್ಬರನ್ನು ಮನೆಗೆ ಕರೆಸಿಕೊಂಡಿದ್ದೇವೆ ಎಂಬುದು ಇಬ್ಬರಿಗೂ ಹೊಳೆಯಲಿಲ್ಲ. ನಗಬೇಕೆನಿಸಿದರೆ ನಗಿ. ಈ ತಪ್ಪು ಮಾಡಲು ನಲವತ್ತೊಂದು ವರ್ಷ ಒಂದೂ ಕೆಂಪು ಗುರುತಿಲ್ಲದೆ ಬದುಕಿರಬೇಕು.

ಬಂದವನು ಮರ್ಯಾದಸ್ಥ. ಕೈಯಲ್ಲಿ ಟ್ಯಾಬ್ಲೆಟ್ಟು, ಬಾಗಿಲಲ್ಲೇ ಶೂ ಬಿಚ್ಚಿದ. ಒಂದರಿಂದ ಹತ್ತರೊಳಗೆ ನೋವು ಎಷ್ಟು ಎಂದು ಕೇಳಿದ.

"ಅಂಥದ್ದೇನಿಲ್ಲಪ್ಪ. ವಯಸ್ಸಾಯ್ತಲ್ಲ. ಎರಡೋ ಮೂರೋ ಹಾಕ್ಕೊಳ್ಳಿ."

"ಮೆಟ್ಟಿಲು ಇಳಿದು ಹತ್ತಿ ತೋರಿಸ್ತೀರಾ ಅಮ್ಮ?"

ಇಳಿದಳು. ಹತ್ತಿದಳು. ಹದಿನಾಲ್ಕೂ. ಗೋಡೆ ಮುಟ್ಟಲಿಲ್ಲ. ಮೇಲೆ ಬಂದು, "ಇನ್ನೊಂದ್ಸಲ ಬೇಕಾ?" ಎಂದು ಬೇರೆ ಕೇಳಿದಳು. "ಬೇಡಮ್ಮ, ತುಂಬ ಚೆನ್ನಾಗಿ ನಡೀತೀರಿ" ಎಂದು ಅವನು ಅಂಕ ಒತ್ತಿಕೊಂಡ. ಮಾನ್ಯರೇ, ಸಂತೆಯಲ್ಲಿ ಮುದಿ ಕುರಿ ಮಾರುವವರು ಅದಕ್ಕೆ ಏನೇನೋ ಕುಡಿಸಿ ನೆಟ್ಟಗೆ ನಿಲ್ಲಿಸುತ್ತಾರೆ. ಬೇಕಾದ್ದಕ್ಕಿಂತ ಚೆನ್ನಾಗಿ ನಡೆಯುವ ಕುರಿಯನ್ನು ಕಂಡರೆ ನಾವು ಮೊದಲು ಅದರ ಕಣ್ಣು ನೋಡುತ್ತೇವೆ. ಇಷ್ಟು ಚೆನ್ನಾಗಿ ನಡೆಯುವವಳು ಕಾಲು ಕೊಯ್ಯಿಸಿಕೊಳ್ಳಲು ಯಾಕೆ ಅರ್ಜಿ ಹಾಕಿದಳು ಎಂದು ನಿಮ್ಮವನು ಕೇಳಬೇಡವೇ? ಅವಳ ಮೇಲ್ತುಟಿಯ ಮೇಲೆ ಬೆವರು ಸಾಲುಗಟ್ಟಿತ್ತು. ಅದಕ್ಕೆ ಟ್ಯಾಬ್ಲೆಟ್ಟಿನಲ್ಲಿ ಗುಂಡಿ ಇರಲಿಲ್ಲ ಎಂದು ಕಾಣುತ್ತದೆ. ಅವನು ಹೋದ ಮೇಲೆ ಅವಳು ಕುರ್ಚಿಗೆ ಕುಸಿದು, ನನ್ನ ಮುಖ ನೋಡಿ, "ಪಾಸಾದೆ ಅನ್ಸುತ್ತೆ" ಅಂದಳು. ಅವಳ ಮುಖದ ಆ ಸಂತೋಷ ನೆನಪಾದಾಗಲೆಲ್ಲ ನನಗೆ ಏನನ್ನಾದರೂ ಒಡೆದು ಹಾಕಬೇಕೆನಿಸುತ್ತದೆ. ನಿನ್ನೆ ಒಂದು ಕನ್ನಡಿ ಒಡೆದೆ.

ಅವತ್ತು ಅಂಗಡಿ ತೆರೆಯುವುದು ತಡವಾಗಿತ್ತು. ಬಾಗಿಲಲ್ಲಿ ಜನ ಕಾಯುತ್ತಿದ್ದರು. ನಾನು ಕೆಳಗೆ ಓಡಿದೆ. ಕೋಲು ಕೊಕ್ಕೆಯಲ್ಲೇ ಉಳಿಯಿತು. ಮರೆತೆ. ಇದಕ್ಕೆ ಬೇರೆ ಪದ ಇಲ್ಲ, ಮಗಳು ಹುಡುಕಿದರೂ ಸಿಗಲಿಲ್ಲ. ಮಧ್ಯಾಹ್ನ ಎರಡರ ಹೊತ್ತಿಗೆ ಮೂರು ಮಾತ್ರೆಗಳ ಬಲವೂ ಇಳಿದು ಹೋಯಿತು. ಅವಳಿಗೆ ಪಾಯಿಖಾನೆಗೆ ಹೋಗಬೇಕಿತ್ತು. ಹಗ್ಗ ಇರಲಿಲ್ಲ, ಕೋಲು ಇರಲಿಲ್ಲ. ನನ್ನನ್ನು ಕೂಗಬಹುದಿತ್ತು. ಆದರೆ ಗಿರಾಕಿಗಳ ಮುಂದೆ ಮನೆ ವಿಷಯ ಕೂಗಬಾರದು ಎಂಬ ಕಾನೂನು ಈ ಅಂಗಡಿಯಲ್ಲಿ ಮಾಡಿದವಳೇ ಅವಳು. ಕೋಲು ತರಲೆಂದು ತಾನೇ ಇಳಿಯತೊಡಗಿದಳು.

ಮೂರು ಮೆಟ್ಟಿಲು ಇಳಿದಿದ್ದಳು. ಉಳಿದ ಹನ್ನೊಂದನ್ನು ಉರುಳಿಕೊಂಡು ಬಂದಳು. ನನ್ನ ಕೈಯಲ್ಲಿ ಮೇಲೆತ್ತಿ ಹಿಡಿದ ಕತ್ತಿ ಇತ್ತು, ಎದುರಿಗೆ ಅರ್ಧ ಕೆಜಿಗೆ ನಿಂತ ಒಬ್ಬಾಕೆ. ಮೂಳೆ ಮುರಿದ ಸದ್ದು ಕೇಳಿಸಿತು. ಆ ಸದ್ದು ನನಗೆ ಗೊತ್ತು ಮಾನ್ಯರೇ, ದಿನಕ್ಕೆ ನಲವತ್ತು ಸಲ ನಾನೇ ಮಾಡುವ ಸದ್ದು ಅದು. ತೊಡೆ ಮೂಳೆ, ಮೊಣಕಾಲಿಗೆ ನಾಲ್ಕು ಬೆರಳು ಮೇಲೆ, ಎಂದು ನೋಡುವ ಮೊದಲೇ ಗೊತ್ತಾಯಿತು. ಓಡಿದೆ. ಮುಖ ನನ್ನ ಕಡೆ ಇತ್ತು, ಬಲ ಪಾದ ಗೋಡೆಯ ಕಡೆ ತಿರುಗಿತ್ತು. ಮೂಳೆಯ ಮೊನೆ ಚರ್ಮವನ್ನು ಒಳಗಿನಿಂದ ಎತ್ತಿ ಹಿಡಿದಿತ್ತು. ಹಣೆ ಒಡೆದು ರಕ್ತ ಕಣ್ಣಿಗಿಳಿದಿತ್ತು. ಬಟ್ಟೆ ಒದ್ದೆಯಾಗಿತ್ತು. ಅವಳು ಅಳಲಿಲ್ಲ. ನನ್ನ ಏಪ್ರನ್ನು ಹಿಡಿದು ಎಳೆದು ಹೇಳಿದ್ದು ಒಂದೇ ಮಾತು. "ಬಾಗಿಲು ಹಾಕಿ. ಜನ ನೋಡ್ತಾರೆ."

ನಲವತ್ತೊಂದು ವರ್ಷದಲ್ಲಿ ರಕ್ತ ಕಂಡು ನಾನು ವಾಂತಿ ಮಾಡಿಕೊಂಡದ್ದು ಅವತ್ತೊಂದೇ ದಿನ.

ಆಸ್ಪತ್ರೆಯಲ್ಲಿ ಅವಳ ಕಾಲನ್ನು ಕಬ್ಬಿಣದ ಚೌಕಟ್ಟಿಗೆ ಕಟ್ಟಿ, ಮೂಳೆಗೆ ಕಂಬಿ ತೂರಿಸಿ, ತೂಕ ಇಳಿಬಿಟ್ಟರು. ಡಾಕ್ಟರಮ್ಮ ಮತ್ತೆ ಎರಡು ದಾರಿ ಹೇಳಿದರು. ಮುರಿದ ಕಡೆ ಪ್ಲೇಟು ಇಟ್ಟು ತಿರುಪು ಬಿಗಿಯುವುದು ಅಗ್ಗ. ಆದರೆ ಮೂರು ತಿಂಗಳು ಆ ಕಾಲನ್ನು ನೆಲಕ್ಕೆ ಊರುವಂತಿಲ್ಲ, ಮತ್ತು ಅದರ ಕೆಳಗಿನ ಹಾಳಾದ ಮೊಣಕಾಲು ಹಾಗೆಯೇ ಇರುತ್ತದೆ. ಈ ವಯಸ್ಸಿನವರು ಮೂರು ತಿಂಗಳು ಮಲಗಿದರೆ ಬೆನ್ನು ಹುಣ್ಣಾಗುತ್ತದೆ, ಎದೆ ಕಟ್ಟುತ್ತದೆ, ಅನೇಕರು ಏಳುವುದೇ ಇಲ್ಲ. ಇನ್ನೊಂದು, ಮುರಿದ ತುದಿಯನ್ನೂ ಮೊಣಕಾಲನ್ನೂ ಸೇರಿಸಿ ತೆಗೆದು, ಮೂಳೆಯೊಳಕ್ಕೆ ಇಳಿಯುವ ಉದ್ದ ಕಾಂಡದ ಕೀಲು ಕೂರಿಸುವುದು. ದುಬಾರಿ, ಅಪಾಯವೂ ಹೆಚ್ಚು, ಸೋಂಕು ತಗಲಿದರೆ ಕಾಲನ್ನೇ ತೆಗೆಯಬೇಕಾಗಿ ಬರಬಹುದು. ಆದರೆ ಕೆಲವೇ ದಿನದಲ್ಲಿ ಎದ್ದು ನಿಲ್ಲಬಹುದು. ಅವಳು ಎಲ್ಲ ಕೇಳಿಸಿಕೊಂಡಳು. "ಒಂದೇ ಸಲ ಕೊಯ್ಯಿರಿ ತಾಯಿ. ಒಂದೇ ಕೀಲಿಗೆ ಎರಡು ಸಲ ಕತ್ತಿ ಹಾಕೋರು ಕೆಲಸ ಬರದೇ ಇರೋರು. ಬೇಕಾದ್ರೆ ನಮ್ಮನೆಯವರನ್ನ ಕೇಳಿ" ಅಂದಳು. ಕೇಳಿದರು. ನಾನು ತಲೆ ಆಡಿಸಿದೆ.

ಅವಳು ಹಾಗೆ ನೇತಾಡುತ್ತಿರುವಾಗ, ನಾಲ್ಕನೇ ದಿನ, ನಿಮ್ಮ ಮೊದಲ ಪತ್ರ ಬಂತು. ಹದಿನಾಲ್ಕು ಮೆಟ್ಟಿಲನ್ನು ಆಧಾರವಿಲ್ಲದೆ ಹತ್ತಬಲ್ಲರು, ನೋವು ಅಲ್ಪ, ಎರಡು ವರ್ಷದ ನಂತರ ಮತ್ತೆ ಅರ್ಜಿ ಸಲ್ಲಿಸಬಹುದು. ಅದನ್ನು ಅವಳಿಗೆ ಓದಿ ಹೇಳಿದ್ದು ನಾನೇ, ನನ್ನಂಥ ಮುಠ್ಠಾಳ ಇನ್ನೊಬ್ಬನಿಲ್ಲ. ಮಗಳು ಅವತ್ತೇ ಹೊಸ ಎಕ್ಸ್‌ರೇ ಲಗತ್ತಿಸಿ ತುರ್ತು ಅರ್ಜಿ ಕೊಟ್ಟಳು. ಒಂಬತ್ತನೇ ದಿನ ಎರಡನೇ ಪತ್ರ. ರೋಗಿಯು ನಡೆಯುವ ಸ್ಥಿತಿಯಲ್ಲಿ ಇಲ್ಲದ ಕಾರಣ ನಡಿಗೆಯ ಅಂಕ ಕೊಡಲಾಗುವುದಿಲ್ಲ. ವಯಸ್ಸು ಮತ್ತು ಸದ್ಯದ ಸ್ಥಿತಿಯಲ್ಲಿ ನಿರೀಕ್ಷಿತ ಪ್ರಯೋಜನ ಕಡಿಮೆ. ಪ್ಲೇಟು ಹಾಕಲು ಅಡ್ಡಿಯಿಲ್ಲ. ಇಂಥ ವಾಕ್ಯ ಬರೆಯುವಾಗ ಕೈ ನಡುಗುವುದಿಲ್ಲವೇ? ನನ್ನ ಕೈ ನಡುಗಿದರೆ ಬೆರಳು ಹೋಗುತ್ತದೆ. ನಿಮ್ಮ ಕಸುಬಿನಲ್ಲಿ ಆ ಅನುಕೂಲ ಇಲ್ಲ, ಹೋಗುವುದು ಯಾವಾಗಲೂ ಬೇರೆಯವರದು.

ಹತ್ತನೇ ದಿನ ನಾನು ಎರಡು ಮೊಣಕಾಲುಗಳನ್ನು ಕಾಗದದಲ್ಲಿ ಸುತ್ತಿಕೊಂಡು ನಿಮ್ಮಲ್ಲಿಗೆ ಬಂದೆ. ಒಂದು ಎಳೆ ಟಗರಿನದು, ಒಂದು ಮುದಿ ಕುರಿಯದು. ನಿಮ್ಮನ್ನು ಕೊಲ್ಲಲು ಬಂದೆ ಎಂದು ದೂರಿನಲ್ಲಿ ಬರೆಸಿದ್ದೀರಿ. ನಾನು ಕೊಲ್ಲಲು ಬಂದಿದ್ದರೆ ದೂರು ಬರೆಸಲು ನೀವಿರುತ್ತಿರಲಿಲ್ಲ, ಕೆಲಸದ ವಿಷಯದಲ್ಲಿ ನನ್ನನ್ನು ಹೀನಾಯ ಮಾಡಬೇಡಿ. ಕಾಗದ ಬಿಚ್ಚಿ ನಿಮ್ಮ ಫೈಲುಗಳ ಮೇಲಿಟ್ಟೆ. ನೀವು ಮೊದಲು ಮಾಡಿದ್ದು ಚಹಾದ ಲೋಟ ದೂರ ಸರಿಸಿದ್ದು.

"ನೀವು ಯಾವತ್ತಾದರೂ ಮೊಣಕಾಲು ನೋಡಿದ್ದೀರಾ?" ಎಂದು ಕೇಳಿದೆ.

"ಎಕ್ಸ್‌ರೇ ನೋಡ್ತೀನಿ. ಇದು ಕಚೇರಿ, ಇದನ್ನೆಲ್ಲ ತೆಗೀರಿ ಮೊದಲು."

ಎರಡನ್ನೂ ಕೊಯ್ದು ತೆರೆದೆ. ಎಂಟು ಸೆಕೆಂಡು ಸಾಕು ನನಗೆ ಒಂದಕ್ಕೆ. ನೀವು ಮುಖ ತಿರುಗಿಸಿದಿರಿ. ಆಗ ನಿಮ್ಮ ಮುಂಗೈ ಹಿಡಿದೆ, ನಿಮ್ಮ ಬೆರಳನ್ನು ಎಳೆಯದರ ಮೇಲೆ ಒತ್ತಿದೆ, ಆಮೇಲೆ ಮುದಿಯದರ ಗೀರುಗಳ ಮೇಲೆ ಒತ್ತಿ ಉಜ್ಜಿದೆ. ನೀವು ಕಿರುಚಿದಿರಿ. ನೋವಾಗಿ ಅಲ್ಲ, ಅಸಹ್ಯವಾಗಿ. ಆ ಕಿರುಚಾಟಕ್ಕೇ ನನಗೆ ತಲೆ ಕೆಟ್ಟದ್ದು. ಹನ್ನೊಂದು ಮೆಟ್ಟಿಲು ಉರುಳಿದವಳು ಕಿರುಚಲಿಲ್ಲ ಸ್ವಾಮಿ. ಚಾಕು ಎತ್ತಿ ಹೊಡೆದೆ. ನಿಮ್ಮ ಕೈಗೂ ಅದು ಬಿದ್ದ ಜಾಗಕ್ಕೂ ಒಂದು ಗೇಣು ದೂರವಿತ್ತು. ಆ ಗೇಣು ನಾನು ಬೇಕೆಂದೇ ಬಿಟ್ಟದ್ದು ಎಂದು ಪೊಲೀಸರಿಗೆ ಹೇಳಿದ್ದೇನೆ. ನಿಜ ಹೇಳಬೇಕೆಂದರೆ ನನಗೆ ಗೊತ್ತಿಲ್ಲ.

ಕಾವಲಿನವನು ಓಡಿಬಂದ. ನನ್ನ ಮೊಣಕೈ ತಗಲಿ ಅವನ ತುಟಿ ಒಡೆಯಿತು, ಅದಕ್ಕೆ ಅವನಲ್ಲಿ ಕ್ಷಮೆ ಕೇಳಿದ್ದೇನೆ. ಅವನು ನನ್ನನ್ನು ಮಕಾಡೆ ಕೆಡವಿ, ಕೈ ಹಿಂದಕ್ಕೆ ತಿರುಚಿ, ಬೆನ್ನಿಗೆ ಮೊಣಕಾಲು ಊರಿ ಕೂತ. ಒಂದು ಪಕ್ಕೆಲುಬು ಬಿರುಕು ಬಿಟ್ಟಿತು. ಗಟ್ಟಿ ಮೊಣಕಾಲು. ಮೊಣಕಾಲಿಗಾಗಿಯೇ ನಡೆಯುವ ಆ ಕಚೇರಿಯಲ್ಲಿ ನಾನು ಕಂಡ, ಕೆಲಸ ಮಾಡುತ್ತಿರುವ ವಸ್ತು ಅದೊಂದೇ.

ಮಾರನೇ ದಿನ ಬಿಡುಗಡೆಯಾಗಿ ಆಸ್ಪತ್ರೆಗೆ ಹೋದೆ. ಅವಳಿಗೆ ಮಗಳು ಎಲ್ಲ ಹೇಳಿದ್ದಳು. "ಚಾಕು ವಾಪಸ್ ಕೊಟ್ರಾ? ಒಳ್ಳೇ ಚಾಕು ಅದು" ಎಂದು ಕೇಳಿದಳು. ನಾನು ಮಂಚದ ಪಕ್ಕ ಕೂತು, ಕೋಲು ಕೊಕ್ಕೆಯಲ್ಲೇ ಮರೆತದ್ದನ್ನು ಹೇಳಿದೆ. ಅದುವರೆಗೆ ಬಾಯಿಬಿಟ್ಟು ಹೇಳಿರಲಿಲ್ಲ. ಪಕ್ಕೆ ನೋವಿಗೆ ಅಳುತ್ತಿದ್ದೇನೆ ಎಂದು ನರ್ಸಮ್ಮನಿಗೆ ಸುಳ್ಳು ಹೇಳಬೇಕಾಯಿತು. "ಬಚ್ಚಿಡಿ ಅಂದಿದ್ದು ನಾನೇ ಅಲ್ವಾ" ಅಂದಳು ಅವಳು. ಅದರಿಂದ ನನಗೆ ಸಮಾಧಾನವಾಗಲಿಲ್ಲ. ನಿಮ್ಮ ಮೇಲಿನ ಸಿಟ್ಟಿನಲ್ಲಿ ಅರ್ಧ ನನ್ನ ಮೇಲಿನದು. ಎರಡೂ ಅರ್ಧವನ್ನು ಸೇರಿಸಿ ನಿಮ್ಮ ಮೇಜಿಗೆ ಊರಿದೆ, ಅದು ಸರಿಯಲ್ಲ. ನಿಮ್ಮ ಪಾಲಿನ ಅರ್ಧವನ್ನು ಮಾತ್ರ ಈಗ ಈ ಪತ್ರದಲ್ಲಿ ಕಳಿಸುತ್ತಿದ್ದೇನೆ.

ಪ್ರಯೋಜನ ಏನು ಎಂದು ನಿಮ್ಮ ನಮೂನೆ ಕೇಳುತ್ತದೆ. ಉದ್ಯೋಗ, ಕುಟುಂಬದ ಆರೈಕೆ, ವಿರಾಮದ ಚಟುವಟಿಕೆ, ಮೂರೇ ಚೌಕ. ಈ ಕಾಲು ಬಂದರೆ ನಿನಗೆ ಏನು ಮಾಡಬೇಕೆಂದಿದೆ ಎಂದು ನಾನು ಅವಳನ್ನು ಕೇಳಿದೆ. 'ಗಲ್ಲಾದಲ್ಲಿ ಕೂರಬೇಕು' ಎನ್ನುತ್ತಾಳೆ ಎಂದುಕೊಂಡಿದ್ದೆ. ಅವಳು ವಾರ್ಡಿನ ಅತ್ತಿತ್ತ ನೋಡಿ, ದನಿ ತಗ್ಗಿಸಿ, "ಪಾಯಿಖಾನೆಗೆ ಒಬ್ಳೇ ಹೋಗಿ ಬಾಗಿಲು ಹಾಕ್ಕೋಬೇಕು" ಅಂದಳು. ಹದಿಮೂರು ದಿನದಿಂದ ಅವಳು ಎಲ್ಲರೆದುರು ಮಂಚದಲ್ಲೇ ಬೆಡ್‌ಪ್ಯಾನಿನ ಮೇಲೆ ಕೂರುತ್ತಿದ್ದಾಳೆ, ಪ್ರತಿ ಸಲವೂ ಪರದೆ ಸರಿಯಾಗಿ ಮುಚ್ಚಿದೆಯೇ ಎಂದು ಮೂರು ಸಲ ಕೇಳುತ್ತಾಳೆ. ಹನ್ನೊಂದು ವರ್ಷ ಎಂದಿರಲ್ಲ, ಸರಿ, ಹನ್ನೊಂದೇ ಇರಲಿ. ಹನ್ನೊಂದು ವರ್ಷ ದಿನವೂ ಒಂದು ಬಾಗಿಲು ಮುಚ್ಚಿಕೊಳ್ಳುವುದಕ್ಕೆ ನಿಮ್ಮ ತಕ್ಕಡಿಯಲ್ಲಿ ಎಷ್ಟು ತೂಕ? ನಿಮ್ಮ ಮನೆಯ ಪಾಯಿಖಾನೆಗೆ ಬಾಗಿಲು ಇದೆಯಲ್ಲ, ಅದನ್ನು ಕಿತ್ತು ಹಾಕಿ ಒಂದು ವಾರ ಬದುಕಿ, ಆಮೇಲೆ ಅಂಕ ಕೊಡಿ.

ಡಾಕ್ಟರಮ್ಮ ಇನ್ನು ಒಂದು ವಾರ ಕಾಯಬಲ್ಲರು. ಅದಕ್ಕಿಂತ ತಡವಾದರೆ ಮೂಳೆ ಸೊಟ್ಟಗೆ ಕೂಡಿಕೊಳ್ಳಲು ಶುರುವಾಗುತ್ತದೆ, ಎದೆಯಲ್ಲಿ ಆಗಲೇ ಕಫ ಕಟ್ಟುತ್ತಿದೆ. ನನ್ನ ಬೇಡಿಕೆ ಕೇಳಿ. ಉದ್ದ ಕಾಂಡದ ಕೀಲಿಗೆ ಈ ವಾರದೊಳಗೆ ರುಜು ಹಾಕಿ. ಹಾಕುವ ಮೊದಲು ತಪಾಸಣೆ ಆಗಲೇಬೇಕು ಎಂದರೆ ನೀವೇ ಬನ್ನಿ, ಮೂರನೇ ವಾರ್ಡು, ಕಿಟಕಿ ಪಕ್ಕದ ಮಂಚ. ಬರುವ ದಿನ ಮಾತ್ರ ತಿಳಿಸಬೇಡಿ. ತಿಳಿಸಿದರೆ ಅವಳು ತಲೆ ಬಾಚಿಸಿಕೊಂಡು, ಮೂರು ಮಾತ್ರೆ ನುಂಗಿ, ಕಂಬಿಗೆ ನೇತುಬಿದ್ದ ಕಾಲನ್ನೂ ನಿಮ್ಮೆದುರು ಆಡಿಸಿ ತೋರಿಸುತ್ತಾಳೆ. ನನ್ನ ಮೇಲಿನ ಮೊಕದ್ದಮೆ ಹಿಂದಕ್ಕೆ ತಗೊಳ್ಳಿ ಎಂದು ನಾನು ಕೇಳುವುದಿಲ್ಲ. ತಪ್ಪು ಒಪ್ಪಿಕೊಳ್ಳುತ್ತೇನೆ, ಒಳಗೆ ಹಾಕಿಸಿ. ಅವಳು ಎದ್ದು ನಿಂತ ಮಾರನೇ ದಿನ ನಾನೇ ನಡೆದು ಬರುತ್ತೇನೆ.

ಕೋಲನ್ನು ಶೀತಲ ಕೋಣೆಯಿಂದ ತಂದು, ವಾಸನೆ ಹೋಗುವವರೆಗೆ ತೊಳೆದು, ಅವಳ ಕೈಗೆ ಸಿಗುವ ಹಾಗೆ ಮಂಚಕ್ಕೆ ಕಟ್ಟಿದ್ದೇನೆ. ಅದನ್ನು ಹಿಡಿದು ಎದ್ದು ನಿಲ್ಲಲು ಅವಳಿಗೆ ಒಂದು ಕಾಲು ಬೇಕು. ಆ ಕಾಲು ನಿಮ್ಮ ಮೇಜಿನ ಮೇಲಿದೆ, ನಾನು ಮಾಡಿದ ಕಚ್ಚಿನ ಪಕ್ಕದಲ್ಲಿ.

ಇಂತಿ,
ಅವಳ ಕೋಲನ್ನು ಬಚ್ಚಿಟ್ಟು ಮರೆತ,
ಒಬ್ಬ ಕಟುಕ